ಮುಧೋಳ ನಾಯಿ ಸಾಕುವ ಮುನ್ನ

ಕಡಕೊಳದ ಆಸುಪಾಸಿನ ತೋಟಕ್ಕೆ ಕಾವಲಿಗೆಂದು ಮುಧೋಳ ನಾಯಿ ತರುವವರಿದ್ದರೆ, ಮೊದಲು ಬೇಲಿ ಭದ್ರ ಮಾಡಿಕೊಳ್ಳಿ. ಮೂಗಿಗಿಂತ ಕಣ್ಣನ್ನೇ ನಂಬುವ ಬೇಟೆ ತಳಿಯಿದು. ಮೊಲವೋ ಬೆಕ್ಕೋ ಕಣ್ಣಿಗೆ ಬಿತ್ತೆಂದರೆ ನಂಜನಗೂಡು ರಸ್ತೆಯ ಲಾರಿಗಳು ಅದಕ್ಕೆ ಕಾಣುವುದೇ ಇಲ್ಲ. ಮರಿಯಿದ್ದಾಗಲೇ ಹೆಸರು ಹಿಡಿದು ಕೂಗಿ, ಓಡಿಬಂದ ಕೂಡಲೇ ಬಾಯಿಗೊಂದು ಚೂರು ಮುದ್ದೆ ಕೊಡಿ. ಕೋಲು ಎತ್ತಿದಿರೋ, ಹತ್ತಿರ ಬರುವುದನ್ನೇ ಬಿಡುತ್ತದೆ. ದಿನವಿಡೀ ಸರಪಳಿ ಹಾಕಿ ಕಟ್ಟುವುದಾದರೆ ಈ ತಳಿ ಬೇಡವೇ ಬೇಡ. ಕೊನೆಯ ಎರಡು-ಮೂರು ಪಕ್ಕೆಲುಬು ಕಂಡರೆ ಗಾಬರಿ ಬೀಳಬೇಡಿ, ಮೈಕಟ್ಟೇ ಹಾಗೆ. ರೇಬಿಸ್ ಲಸಿಕೆ ಮೂರು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ. ಮೊಲದ ಬೇಟೆಯ ಚಪಲವಿದ್ದರೆ ಬಿಟ್ಟುಬಿಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ. ಮರಿಗಾಗಿ ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಿ.