ಕೊರಗರು ಮತ್ತು ಮೂಲನಿವಾಸಿಗಳ ಹಕ್ಕು: ಪರೀಕ್ಷಾ ಟಿಪ್ಪಣಿ

ಕರ್ನಾಟಕದಲ್ಲಿ ವಿಶೇಷ ದುರ್ಬಲ ಬುಡಕಟ್ಟುಗಳು ಎರಡೇ: ಜೇನುಕುರುಬ ಮತ್ತು ಕೊರಗ. ಉಡುಪಿ, ಕಾಪು, ಕಾರ್ಕಳದ ಕಡೆ ಬಿಳಲಿನ ಬುಟ್ಟಿ ಹೆಣೆಯುವ, ಡೋಲು ಬಾರಿಸುವ ಕೊರಗರಿಗೆ ತಮ್ಮದೇ ಭಾಷೆಯೂ ಇದೆ.

ಇವರ ಮೇಲೆ ನಡೆದ ಅತಿ ಕ್ರೂರ ಪದ್ಧತಿ ಅಜಲು. ಬೇರೆಯವರ ಕೇಡು ಕಳೆಯಲೆಂದು ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ಉಣಿಸುತ್ತಿದ್ದರು. ಇದನ್ನು ತಡೆಯಲು ಬಂದದ್ದು ಕರ್ನಾಟಕ ಕೊರಗರ (ಅಜಲು ಪದ್ಧತಿ ನಿಷೇಧ) ಅಧಿನಿಯಮ, 2000. ಸ್ವಾತಂತ್ರ್ಯ ಬಂದು ಅರ್ಧ ಶತಮಾನ ಕಳೆದ ಮೇಲೆ ಇಂಥ ಕಾಯ್ದೆ ಬೇಕಾಯಿತೆಂಬುದೇ ನೋವಿನ ಸಂಗತಿ. ಇಸವಿ ಮರೆಯಬೇಡಿ.

ಇನ್ನು ಅಂತರರಾಷ್ಟ್ರೀಯ ಮಟ್ಟದ ಹಕ್ಕುಗಳು. ಮೂಲನಿವಾಸಿ, ಬುಡಕಟ್ಟು ಜನರ ಕುರಿತ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 107ನೇ ಒಡಂಬಡಿಕೆಯನ್ನು (1957) ಭಾರತ ಅನುಮೋದಿಸಿದೆ. 169ನೆಯದನ್ನು (1989) ಅನುಮೋದಿಸಿಲ್ಲ. ಪರೀಕ್ಷೆಯಲ್ಲಿ ಎಡವುವುದು ಇಲ್ಲೇ. 2007ರ ಸೆಪ್ಟೆಂಬರ್ 13ರಂದು ವಿಶ್ವಸಂಸ್ಥೆಯ ಮೂಲನಿವಾಸಿಗಳ ಹಕ್ಕುಗಳ ಘೋಷಣೆ 144 ಮತಗಳಿಂದ ಅಂಗೀಕಾರವಾಯಿತು. ವಿರೋಧ 4, ತಟಸ್ಥ 11. ಭಾರತ ಪರವಾಗಿ ಮತ ಹಾಕಿತು, ಆದರೆ ಭಾರತೀಯರೆಲ್ಲರೂ ಮೂಲನಿವಾಸಿಗಳೇ ಎಂಬುದು ಅದರ ನಿಲುವು. ನಮ್ಮ ಕಾನೂನು ಬಳಸುವ ಪದ ‘ಪರಿಶಿಷ್ಟ ಪಂಗಡ’ (342ನೇ ವಿಧಿ).

ಕುದುರೆಮುಖ ರಾಷ್ಟ್ರೀಯ ಉದ್ಯಾನದ ಅಂಚಿನ ಮಲೆಕುಡಿಯ ಬುಡಕಟ್ಟಿನವರಿಗೆ ಆಸರೆ 2006ರ ಅರಣ್ಯ ಹಕ್ಕು ಕಾಯ್ದೆ. ಅದರ 3(1)(ಇ) ಕಲಮು ಕೊರಗರಂಥ ಸಮುದಾಯಗಳ ಆವಾಸದ ಹಕ್ಕನ್ನು ಮಾನ್ಯ ಮಾಡುತ್ತದೆ.