ವಕೀಲವೃತ್ತಿಯೂ ಕೃತಕ ಬುದ್ಧಿಯೂ

ನಮ್ಮ ಕಾಲೇಜಿನಲ್ಲಿ ಬಿ.ಎ. ಮುಗಿಸಿದವರ ಪೈಕಿ ಪ್ರತಿವರ್ಷವೂ ಕೆಲವರು ಕಾನೂನು ವ್ಯಾಸಂಗಕ್ಕೆ ಹೋಗುವುದು ವಾಡಿಕೆ. ನನಗೂ ಆ ಆಸೆಯುಂಟು. ಈಚೆಗೆ ಆ ಮಾತೆತ್ತಿದರೆ ಸಾಕು, "ವಕೀಲರ ಕೆಲಸವನ್ನು ಯಂತ್ರವೇ ಮಾಡುವ ಕಾಲ ಬಂದಿರುವಾಗ ನೀನೇಕೆ ಇನ್ನೂ ಮೂರು ವರ್ಷ ಕಳೆಯುತ್ತೀ?" ಎಂದು ಗೆಳೆಯರು ಕೇಳುತ್ತಾರೆ. ಪ್ರಶ್ನೆಯನ್ನು ನಗೆಯಾಡಿ ತಳ್ಳಿಬಿಡುವಂತಿಲ್ಲ. ಆದುದರಿಂದ ನಾನು ಓದಿ ತಿಳಿದಷ್ಟನ್ನು ಇಲ್ಲಿ ವಾಚಕರ ಮುಂದಿಡುತ್ತೇನೆ.

ವಕೀಲನೆಂದರೆ ನ್ಯಾಯಪೀಠದ ಮುಂದೆ ನಿಂತು ವಾದಿಸುವವನು ಎಂದೇ ನಾವು ಸಾಮಾನ್ಯವಾಗಿ ಭಾವಿಸಿದ್ದೇವೆ. ವಾಸ್ತವವಾಗಿ ಅವನ ಕಾಲದ ಬಹುಪಾಲು ಕಾಗದಪತ್ರಗಳಲ್ಲಿಯೇ ಸವೆಯುತ್ತದೆ. ಕಕ್ಷಿದಾರನು ತಂದ ದಾಖಲೆಗಳನ್ನು ಓದಬೇಕು. ನೋಟೀಸು, ದಾವಾಪತ್ರ, ಕರಾರುಪತ್ರಗಳ ಕರಡು ಮಾಡಬೇಕು. ತನ್ನ ಪಕ್ಷಕ್ಕೆ ಅನುಕೂಲವಾದ ನಜೀರುಗಳನ್ನು ಹುಡುಕಬೇಕು. ಚಾಟ್‌ಜಿಪಿಟಿ ಮೊದಲಾದ ಯಂತ್ರಗಳು ಪ್ರವೇಶ ಮಾಡಿರುವುದು ಸರಿಯಾಗಿ ಈ ಕ್ಷೇತ್ರಕ್ಕೇ. ನೂರು ಪುಟದ ಕರಾರನ್ನು ಕೆಲವೇ ಕ್ಷಣಗಳಲ್ಲಿ ಸಂಗ್ರಹಿಸಿಕೊಡುವುದು, ನೋಟೀಸಿನ ಕರಡನ್ನು ಬರೆದುಕೊಡುವುದು ಅವಕ್ಕೆ ಸುಲಭ. ಒಬ್ಬನೇ ಕುಳಿತು ದುಡಿಯುವ ತಾಲ್ಲೂಕು ವಕೀಲನಿಗೆ ಇದು ಸಣ್ಣ ಸಹಾಯವಲ್ಲ.

ತೊಡಕು ಹುಟ್ಟುವುದು ನಜೀರಿನಲ್ಲಿ. ಅದಕ್ಕೆ ಕಾರಣವನ್ನು ತಿಳಿಯಬೇಕಾದರೆ ಯಂತ್ರದ ರೀತಿಯನ್ನು ಅರಿಯಬೇಕು. ಅದು ಅಪಾರವಾದ ಬರಹವನ್ನು ಅರಗಿಸಿಕೊಂಡು, ಒಂದು ಪದದ ಮುಂದೆ ಯಾವ ಪದ ಬರುವ ಸಂಭವ ಹೆಚ್ಚೆಂದು ಎಣಿಸುತ್ತ ವಾಕ್ಯವನ್ನು ಹೆಣೆಯುತ್ತದೆ. ನಜೀರನ್ನು ಸೂಚಿಸುವ ಪದ್ಧತಿಗೆ ಒಂದು ಗೊತ್ತಾದ ಅಚ್ಚು ಉಂಟಷ್ಟೆ: ಉಭಯ ಪಕ್ಷಗಳ ಹೆಸರು, ವರ್ಷ, ವರದಿಯ ಹೆಸರು, ಪುಟ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳ ಪ್ರಸಿದ್ಧ ಮೊಕದ್ದಮೆಯನ್ನು ವಕೀಲರು ಎ.ಐ.ಆರ್. 1973 ಎಸ್.ಸಿ. 1461 ಎಂದು ಬರೆಯುತ್ತಾರೆ. ಈ ಅಚ್ಚನ್ನು ಅನುಕರಿಸುವುದು ಯಂತ್ರಕ್ಕೆ ನೀರು ಕುಡಿದಷ್ಟು ಸುಲಭ. ಅಚ್ಚಿನೊಳಗೆ ತುಂಬಿದ ಮೊಕದ್ದಮೆ ಲೋಕದಲ್ಲಿ ನಡೆದಿದೆಯೇ ಎಂಬುದು ಬೇರೆ ಪ್ರಶ್ನೆ.

ಇದಕ್ಕೆ ಪ್ರಸಿದ್ಧ ನಿದರ್ಶನ ನ್ಯೂಯಾರ್ಕಿನಲ್ಲಿ ದೊರೆಯಿತು. 2019ರಲ್ಲಿ ಏವಿಯಾಂಕಾ ಸಂಸ್ಥೆಯ ವಿಮಾನದಲ್ಲಿ ಊಟ ಹಂಚುವ ಲೋಹದ ಗಾಡಿ ತನ್ನ ಮೊಣಕಾಲಿಗೆ ತಾಗಿತೆಂದು ಪ್ರಯಾಣಿಕನೊಬ್ಬನು ದಾವೆ ಹೂಡಿದನು. ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಎರಡು ವರ್ಷದ ಅವಧಿ ಮೀರಿದೆಯೆಂಬುದು ಸಂಸ್ಥೆಯ ಪ್ರತಿವಾದ. ಪ್ರಯಾಣಿಕನ ವಕೀಲರು 2023ರ ಮಾರ್ಚಿನಲ್ಲಿ ಅದಕ್ಕೆ ಉತ್ತರ ಸಲ್ಲಿಸಿ ಹಲವು ನಜೀರುಗಳನ್ನು ಉದಾಹರಿಸಿದರು. ಅವುಗಳಲ್ಲೊಂದು, ವರ್ಗೀಸ್ ಎಂಬುವನು ಚೈನಾ ಸದರ್ನ್ ಏರ್‌ಲೈನ್ಸಿನ ಮೇಲೆ ಹೂಡಿದ್ದೆನ್ನಲಾದ ಮೊಕದ್ದಮೆ. (ಹೆಸರು ನಮ್ಮ ನೆರೆಯ ಕೇರಳದ್ದು, ಆಸಾಮಿ ಮಾತ್ರ ಎಲ್ಲಿಯವನೂ ಅಲ್ಲ!) ಎದುರು ಪಕ್ಷದವರು ಎಷ್ಟು ಹುಡುಕಿದರೂ ಅದು ಸಿಕ್ಕಲಿಲ್ಲ. ನ್ಯಾಯಾಲಯವು ಪ್ರತಿಯನ್ನು ತರುವಂತೆ ಆಜ್ಞೆ ಮಾಡಿತು. ಆಗಲಾದರೂ ಗ್ರಂಥಾಲಯಕ್ಕೆ ಹೋಗಬೇಕಾಗಿತ್ತು. ಆದರೆ ಅಷ್ಟು ಹೊತ್ತಿಗೆ, ಮೂವತ್ತು ವರ್ಷಕ್ಕೂ ಮೇಲ್ಪಟ್ಟು ವೃತ್ತಿ ನಡೆಸಿದ್ದ ಆ ವಕೀಲರು "ಈ ಮೊಕದ್ದಮೆ ನಿಜವೇ?" ಎಂದು ಯಂತ್ರವನ್ನೇ ಕೇಳಿದ್ದರು, ನಿಜವೆಂದೇ ಅದು ಸಾಕ್ಷ್ಯ ನುಡಿದಿತ್ತು! ಯಂತ್ರ ಬರೆದುಕೊಟ್ಟ ತೀರ್ಪಿನ ಭಾಗಗಳನ್ನೇ ನ್ಯಾಯಾಲಯಕ್ಕೆ ಒಪ್ಪಿಸಲಾಯಿತು. 2023ರ ಜೂನ್ 22ರಂದು ನ್ಯಾಯಾಧೀಶ ಕೆವಿನ್ ಕ್ಯಾಸ್ಟೆಲ್ ಅವರು 5,000 ಡಾಲರು ದಂಡ ವಿಧಿಸಿದರು. ಅಷ್ಟೇ ಅಲ್ಲದೆ, ಆ ಸುಳ್ಳು ತೀರ್ಪುಗಳನ್ನು ಯಾವ ಯಾವ ನ್ಯಾಯಾಧೀಶರ ಹೆಸರಿಗೆ ಹಚ್ಚಲಾಗಿತ್ತೋ ಅವರಿಗೆಲ್ಲ ಪತ್ರ ಬರೆದು ತಿಳಿಸಬೇಕೆಂದೂ ಆದೇಶಿಸಿದರು. ಯಂತ್ರದ ನೆರವು ಪಡೆಯುವುದೇ ತಪ್ಪೆಂದು ಅವರು ಹೇಳಲಿಲ್ಲವೆಂಬುದನ್ನು ವಿಶೇಷವಾಗಿ ಗಮನಿಸಬೇಕು. ಸಲ್ಲಿಸಿದ ಕಾಗದದ ಸತ್ಯಕ್ಕೆ ವಕೀಲನೇ ಹೊಣೆ. ಅವರ ತೀರ್ಪಿನ ಜೀವಾಳ ಅದು.

ಒಬ್ಬಿಬ್ಬರ ಉದಾಸೀನಕ್ಕೆ ಇಡೀ ಯಂತ್ರವನ್ನು ದೂರುವುದು ನ್ಯಾಯವೇ ಎಂದು ಕೆಲವರು ಕೇಳಬಹುದು. ಆದರೆ ಇಂಗ್ಲೆಂಡಿನಲ್ಲಿ 2025ರ ಜೂನಿನಲ್ಲಿ ಉಚ್ಚ ನ್ಯಾಯಾಲಯವು ಪರಿಶೀಲಿಸಿದ ಒಂದು ಪ್ರಕರಣದಲ್ಲಿ 45 ನಜೀರುಗಳ ಪೈಕಿ 18 ಇಲ್ಲದವೇ ಆಗಿದ್ದವು. ವಕೀಲರಿಗಾಗಿಯೇ ರಚಿಸಿ ಮಾರುವ ಯಂತ್ರಗಳನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಸಂಶೋಧಕರು 2024ರಲ್ಲಿ ಪರೀಕ್ಷಿಸಿದಾಗ, ಅವು ಕೂಡ ನೂರಕ್ಕೆ ಹದಿನೇಳಕ್ಕೆ ಕಡಿಮೆಯಿಲ್ಲದಷ್ಟು ಸಲ ತಪ್ಪಿದುದು ಕಂಡುಬಂದಿತು. ನಮ್ಮ ರಾಜ್ಯದಲ್ಲಿಯೂ 2025ರ ಮಾರ್ಚಿನಲ್ಲಿ, ಬೆಂಗಳೂರಿನ ನಗರ ಸಿವಿಲ್ ನ್ಯಾಯಾಲಯದ ಒಂದು ಆದೇಶಕ್ಕೆ ಆಧಾರವಾಗಿದ್ದ ಸುಪ್ರೀಂ ಕೋರ್ಟಿನ ತೀರ್ಪುಗಳು ಇಲ್ಲವೇ ಇಲ್ಲವೆಂಬುದನ್ನು ಹೈಕೋರ್ಟು ಎತ್ತಿತೋರಿಸಿತು. ಅವು ಎಲ್ಲಿಂದ ಬಂದವೆಂಬ ಮಾತು ಹಾಗಿರಲಿ. ಇಲ್ಲದ ತೀರ್ಪು ನ್ಯಾಯಪೀಠವನ್ನೇ ಏರಬಲ್ಲದೆಂಬುದು ಇದರಿಂದ ವಿದಿತವಾಗುತ್ತದೆ.

ಭಾಷಾಂತರದ ವಿಷಯವನ್ನೂ ಎರಡು ಮಾತಿನಲ್ಲಿ ಹೇಳಬೇಕು. ಸಂವಿಧಾನದ 348ನೆಯ ವಿಧಿಯಂತೆ ಸುಪ್ರೀಂ ಕೋರ್ಟಿನ ವ್ಯವಹಾರ ಇಂಗ್ಲಿಷಿನಲ್ಲಿ ನಡೆಯುತ್ತದೆ. ಅಲ್ಲಿಯ ತೀರ್ಪುಗಳನ್ನು ಕನ್ನಡವೂ ಸೇರಿದಂತೆ ದೇಶಭಾಷೆಗಳಿಗೆ ತರಲು 2019ರಲ್ಲಿ 'ಸುವಾಸ್' ಎಂಬ ಯಂತ್ರವನ್ನು ಬಳಕೆಗೆ ತಂದರು. ತನ್ನ ಜಮೀನಿನ ತೀರ್ಪನ್ನು ರೈತನು ತನ್ನ ನುಡಿಯಲ್ಲೇ ಓದುವಂತಾದರೆ ಅದಕ್ಕಿಂತ ಉಪಕಾರ ಬೇರೊಂದಿಲ್ಲ. ಆದರೆ ಇಲ್ಲಿಯೂ ಎಚ್ಚರಿಕೆ ಬೇಕು. ಮೇಲ್ಮನವಿಗೆ ಅನುಮತಿ ಕೊಡುವಾಗ ನ್ಯಾಯಾಲಯವು ಬಳಸುವ 'ಲೀವ್ ಗ್ರಾಂಟೆಡ್' ಎಂಬ ಮಾತು, 'ರಜೆ ಮಂಜೂರಾಯಿತು' ಎಂದಾದರೆ ರೈತನು ಏನೆಂದು ತಿಳಿದಾನು? ಆದ್ದರಿಂದ ಯಂತ್ರದ ಭಾಷಾಂತರವನ್ನು ಬಲ್ಲವರು ತಿದ್ದಲೇಬೇಕು.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚಾಗಿ ಕಾಡುವುದು ಕಿರಿಯ ವಕೀಲನ ಪಾಡು. ಸನ್ನದು ಪಡೆದ ಹೊಸಬನು ಹಿರಿಯರೊಬ್ಬರ ಕಚೇರಿಗೆ ಸೇರಿ, ಅಲ್ಪ ಸಂಭಾವನೆಗೆ ಕಡತ ಹೊತ್ತು, ಕರಡು ಬರೆದು, ವರದಿಗಳ ಸಂಪುಟಗಳನ್ನು ತಿರುವಿಹಾಕಿ ವೃತ್ತಿಯನ್ನು ಕಲಿಯುವುದು ಹಿಂದಿನಿಂದ ಬಂದ ಸಂಪ್ರದಾಯ. ಹತ್ತು ತೀರ್ಪು ಓದಿದರೆ ಒಂದು ಪ್ರಯೋಜನಕ್ಕೆ ಬರುತ್ತಿತ್ತು. ಮಿಕ್ಕ ಒಂಬತ್ತರಿಂದ ಅವನ ಬುದ್ಧಿ ಹದಗೊಳ್ಳುತ್ತಿತ್ತು. ಯಂತ್ರವು ಮೊದಲು ಕಸಿದುಕೊಳ್ಳುವುದು ಈ ಕೆಲಸವನ್ನೇ. ಹಿರಿಯರಿಗೆ ತೊಂದರೆಯಿಲ್ಲ, ಯಂತ್ರದ ತಪ್ಪನ್ನು ಹಿಡಿಯುವಷ್ಟು ಅವರು ಈಗಾಗಲೇ ಓದಿರುತ್ತಾರೆ. ಓದುವ ಮೊದಲೇ ಯಂತ್ರ ಕೈಗೆ ಬಂದವನು ಇನ್ನು ಇಪ್ಪತ್ತು ವರ್ಷಕ್ಕೆ ಹಿರಿಯನಾದಾಗ ಯಾವ ಬಲದಿಂದ ಅದರ ತಪ್ಪನ್ನು ಹಿಡಿದಾನು?

ಕೇಶವಾನಂದ ಭಾರತಿ ಮೊಕದ್ದಮೆಯನ್ನೇ ತೆಗೆದುಕೊಳ್ಳಿ. ಸಂವಿಧಾನದ ಮೂಲರಚನೆಯನ್ನು ಪಾರ್ಲಿಮೆಂಟು ಕೆಡಿಸುವಂತಿಲ್ಲವೆಂದು ಯಂತ್ರವು ಒಂದೇ ವಾಕ್ಯದಲ್ಲಿ ಹೇಳೀತು, ಅದು ಸರಿಯೂ ಹೌದು. ಆದರೆ ಹದಿಮೂರು ನ್ಯಾಯಾಧೀಶರು ಏಳು ಮತ್ತು ಆರಾಗಿ ಒಡೆದು ಹನ್ನೊಂದು ತೀರ್ಪುಗಳನ್ನು ಬರೆದರು, ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅವರ ಅಭಿಪ್ರಾಯದಿಂದ ತಕ್ಕಡಿ ಒಂದು ಕಡೆಗೆ ವಾಲಿತು. ನಾಳೆ ಎದುರು ವಕೀಲನು ಹಿಡಿದು ಜಗ್ಗುವುದು ಈ ಒಡಕುಗಳನ್ನೇ. ಸಂಗ್ರಹವನ್ನು ಮಾತ್ರ ಓದಿಕೊಂಡು ಹೋದವನಿಗೆ ಆಗ ಉತ್ತರ ತೋಚದು.

ಆದುದರಿಂದ ಗೆಳೆಯರಿಗೆ ನನ್ನ ಉತ್ತರವಿಷ್ಟು: ನಾನು ಕಾನೂನು ಓದಲು ಹೋಗುವವನೇ, ಯಂತ್ರವನ್ನೂ ಬಳಸುವವನೇ. ಕೇರಳದ ಹೈಕೋರ್ಟು 2025ರ ಜುಲೈನಲ್ಲಿ ತನ್ನ ಅಧೀನ ನ್ಯಾಯಾಲಯಗಳಿಗೆ ಒಂದು ನೀತಿಯನ್ನು ಗೊತ್ತುಮಾಡಿ, ನಿರ್ಣಯಕ್ಕೆ ಬರುವುದಕ್ಕಾಗಲಿ ತೀರ್ಪು ಬರೆಯುವುದಕ್ಕಾಗಲಿ ಯಂತ್ರವನ್ನು ಬಳಸಕೂಡದೆಂದು ವಿಧಿಸಿದೆ. ವಕೀಲನಿಗೂ ಅಂಥ ಒಂದು ಗೆರೆ ಬೇಕು. ತಾನು ಓದದ ತೀರ್ಪನ್ನು ಉದಾಹರಿಸಬಾರದೆಂಬುದೇ ಆ ಗೆರೆಯೆಂದು ನನ್ನ ಅಭಿಪ್ರಾಯ. ಇದಕ್ಕೆ ಹಣದ ಅಡ್ಡಿಯೂ ಈಗಿಲ್ಲ. ಮೊದಲಾದರೆ ವರದಿಗಳ ಸಂಪುಟಗಳನ್ನು ಕೊಳ್ಳಲು ಸಾವಿರಾರು ರೂಪಾಯಿ ಬೇಕಾಗಿತ್ತು. 2023ರ ಜನವರಿಯಿಂದ ಸುಪ್ರೀಂ ಕೋರ್ಟು ತನ್ನ ವರದಿಗಳನ್ನು 'ಇ-ಎಸ್‌ಸಿಆರ್' ಎಂಬ ಹೆಸರಿನಲ್ಲಿ ಅಂತರ್ಜಾಲದ ಮೂಲಕ ಎಲ್ಲರಿಗೂ ಉಚಿತವಾಗಿ ಒದಗಿಸಿದೆ. ಹೆಸರು, ವರ್ಷಗಳನ್ನು ಕೊಟ್ಟು ಹುಡುಕಿದರೆ ಇರುವ ತೀರ್ಪು ಕೆಲವು ನಿಮಿಷಗಳಲ್ಲಿ ಎದುರಿಗೆ ಬರುತ್ತದೆ. ಆಸಕ್ತರು ರಾಜ್ಯಶಾಸ್ತ್ರದ ಪಠ್ಯದಲ್ಲಿ ಹೆಸರಿಸಿರುವ ಯಾವುದಾದರೊಂದು ಮೊಕದ್ದಮೆಯಿಂದ ಆರಂಭಿಸಬಹುದು.