ರೋಗಸ್ಥರ ಮಂಚದ ಬಳಿಯಲ್ಲಿ ಮಾಡತಕ್ಕ ಸೇವೆ

ಪಾಠಭಾಗ: ಲೂಕ 10:25–37. ಮನೆಯಲ್ಲಿ ಓದತಕ್ಕವು: ಮತ್ತಾಯ 25:31–46, ಯಾಕೋಬ 2:14–17.

ಒಳ್ಳೇ ಸಮಾರ್ಯದವನ ಸಾಮ್ಯವು ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಬಾಯಿಪಾಠವಾಗಿದೆ. ಆದರೂ ಮಗಳನ್ನು ದಾದಿಯ ಕೆಲಸಕ್ಕೆ ಕಳುಹಿಸಿರಿ ಎಂದು ಹೇಳಿದರೆ, ಕೆಲವು ಮನೆಗಳಲ್ಲಿ ತಂದೆತಾಯಿಗಳು ಮುಖ ತಿರುಗಿಸುತ್ತಾರೆ. “ಪರರ ಮಲಮೂತ್ರ ತೆಗೆಯುವದಕ್ಕೆ ನಮ್ಮ ಹುಡುಗಿ ಹೋಗಬೇಕೇ? ಆಮೇಲೆ ಅವಳ ಕೈ ಹಿಡಿಯುವವರು ಯಾರು?” ಎಂದು ಕೇಳುತ್ತಾರೆ. ಈ ಪ್ರಶ್ನೆಗೆ ದೇವರ ವಾಕ್ಯದಿಂದ ಉತ್ತರವನ್ನು ಹುಡುಕುವದೇ ಈ ಪಾಠದ ಉದ್ದೇಶವಾಗಿದೆ.

1. ಛತ್ರದವನನ್ನು ಮರೆಯಬಾರದು

ದಾರಿಯಲ್ಲಿ ಬಿದ್ದವನನ್ನು ಯಾಜಕನೂ ಲೇವಿಯನೂ ನೋಡಿದರು; ಸಮಾರ್ಯದವನೂ ನೋಡಿದನು. ನೋಟದಲ್ಲಿ ಭೇದವಿರಲಿಲ್ಲ, ಹತ್ತಿರಕ್ಕೆ ಬರುವದರಲ್ಲಿ ಭೇದವಿತ್ತು. ಇವನು ಬಳಿಗೆ ಬಂದನು, ಗಾಯಗಳನ್ನು ಮುಟ್ಟಿದನು, ತನ್ನ ವಾಹನವನ್ನು ಬಿಟ್ಟುಕೊಟ್ಟನು, ರಾತ್ರಿ ಆರೈಕೆಮಾಡಿದನು, ಹಣ ಕೊಟ್ಟನು, ತಿರಿಗಿ ಬರುವೆನೆಂದು ಮಾತು ಕೊಟ್ಟನು. ಆಸ್ಪತ್ರೆಯ ಕೆಲಸವೆಲ್ಲಾ ಇದರಲ್ಲಿ ಅಡಗಿದೆ.

ಆದರೆ ಮರುದಿನ ಅವನು ತನ್ನ ದಾರಿ ಹಿಡಿದು ಹೋದ ಮೇಲೆ ಗಾಯದ ಬಟ್ಟೆಯನ್ನು ಬದಲಾಯಿಸಿದವರು ಯಾರು? ಗಂಜಿ ಕುಡಿಸಿದವರು ಯಾರು? ಛತ್ರದವನೇ ಅಲ್ಲವೇ? ಅವನ ಹೆಸರು ಬರೆದಿಲ್ಲ. ಅವನ ಹೊಗಳಿಕೆಯೂ ಇಲ್ಲ. ಆದರೂ ಅವನಿಲ್ಲದಿದ್ದರೆ ಸಮಾರ್ಯದವನ ಒಂದು ದಿನದ ದಯೆಯು ಅರ್ಧಕ್ಕೆ ನಿಲ್ಲುತ್ತಿತ್ತು. ನಮ್ಮ ದಾದಿಯರೂ, ಔಷಧ ಕಟ್ಟುವವರೂ, ಬಟ್ಟೆ ಒಗೆಯುವವರೂ, ನೆಲ ತೊಳೆಯುವವರೂ ಈ ಛತ್ರದವನ ಸಂತತಿಯವರು.

2. ನಮ್ಮದೇ ಒಂದು ತಪ್ಪು

ಕೆಲವು ವರುಷಗಳ ಹಿಂದೆ ಒಂದು ಆಸ್ಪತ್ರೆಯ ಪುರುಷರ ವಾರ್ಡಿನಲ್ಲಿ ನಾವು ಇದೇ ಸಾಮ್ಯವನ್ನು ಓದಿ ವಿವರಿಸುತ್ತಿದ್ದೆವು. ಮೂಲೆಯ ಮಂಚದಲ್ಲಿದ್ದ ಮುದುಕನೊಬ್ಬನು ಎರಡು ಸಾರಿ ಕೈಯೆತ್ತಿದನು. ಮಾತು ಅವನ ಮನಸ್ಸಿಗೆ ನಾಟಿತೆಂದು ಭಾವಿಸಿ ನಾವು ಸ್ವರವನ್ನು ಇನ್ನೂ ಎತ್ತರಿಸಿದೆವು. ಅಷ್ಟರಲ್ಲಿ ಕಸ ಗುಡಿಸುತ್ತಿದ್ದ ಹೆಂಗಸು ಪೊರಕೆಯನ್ನು ಕೆಳಗಿಟ್ಟು, ಕೈ ತೊಳೆದುಕೊಂಡು ಅವನ ಬಳಿಗೆ ಓಡಿದಳು. ಪಾತ್ರೆ ಬೇಕೆಂದು ಅವನು ಕೈಯೆತ್ತಿದ್ದನು. ನಾವು ಅರಿಯದೆ ಹೋದದ್ದರಿಂದ ಹಾಸಿಗೆ ಹೊಲಸಾಗಿತ್ತು. ಮುದುಕನು ನಾಚಿಕೆಯಿಂದ ಅಳುತ್ತಿದ್ದನು. ಅವಳು ಅವನನ್ನು ತೊಳೆದು, ಒಣ ಬಟ್ಟೆ ಹಾಸಿ, “ನಮ್ಮಪ್ಪನಿಗೆ ಮಾಡಿದ ಹಾಗೆ ಮಾಡಿದೆ, ಸುಮ್ಮನಿರು” ಅಂದಳು. ನಮಗೆ ಅವಳು ಏನೂ ಹೇಳಲಿಲ್ಲ. ಆದರೆ ಆ ದಿನ ಆ ಕೋಣೆಯಲ್ಲಿ ಓರೆಯಾಗಿ ದಾಟಿಹೋದ ಯಾಜಕನು ಯಾರೆಂಬುದು ನಮಗೆ ಗೊತ್ತಾಯಿತು.

ಮುಂದಿನ ವಾರ ಮಂಚದಿಂದ ಮಂಚಕ್ಕೆ ಹೋಗಿ, ಏನು ಬೇಕೆಂದು ಕೇಳಿದ ಮೇಲೆಯೇ ಪುಸ್ತಕವನ್ನು ತೆರೆದೆವು. ಮೂಲೆಯ ಮಂಚದಲ್ಲಿ ಆಗ ಬೇರೊಬ್ಬನಿದ್ದನು.

3. ವೇಲೂರಿನ ದೃಷ್ಟಾಂತ

ಆರ್ಕಾಟ್ ಸೀಮೆಯಲ್ಲಿ ಅಮೇರಿಕದ ಮಿಶನರಿ ವೈದ್ಯರ ಮಗಳಾದ ಐಡಾ ಸ್ಕಡ್ಡರ್ ಎಂಬಾಕೆಯು 1870ರಲ್ಲಿ ಹುಟ್ಟಿದಳು. ಮಿಶನರಿಯಾಗುವ ಮನಸ್ಸು ಆಕೆಗೆ ಇರಲಿಲ್ಲ. ಯೌವನದಲ್ಲಿ ತಿಂಡಿವನದಲ್ಲಿದ್ದಾಗ ಒಂದೇ ರಾತ್ರಿ ಮೂವರು ಗಂಡಸರು ಒಬ್ಬರ ಹಿಂದೊಬ್ಬರು ಬಂದು, ಪ್ರಸವವೇದನೆಯಲ್ಲಿದ್ದ ತಮ್ಮ ಹೆಂಡತಿಯರಿಗೆ ಸಹಾಯಮಾಡಬೇಕೆಂದು ಬೇಡಿದರು. ತನಗೆ ವೈದ್ಯ ಗೊತ್ತಿಲ್ಲ, ತಂದೆಯನ್ನು ಕರೆದುಕೊಂಡು ಹೋಗಿರಿ ಎಂದಳು. ಪರಪುರುಷನು ಸ್ತ್ರೀಯರ ಬಳಿಗೆ ಬರಕೂಡದೆಂದು ಅವರು ಹಿಂದಿರುಗಿದರು. ಬೆಳಗಾಗುವಷ್ಟರಲ್ಲಿ ಆ ಮೂವರು ತಾಯಂದಿರೂ ತೀರಿಹೋಗಿದ್ದರು.

ಆಕೆಯು ಅಮೇರಿಕಕ್ಕೆ ಹೋಗಿ, 1899ರಲ್ಲಿ ವೈದ್ಯಪದವಿಯನ್ನು ಪಡೆದು, 1900ರಲ್ಲಿ ಹಿಂದಿರುಗಿ, ವೇಲೂರಿನಲ್ಲಿ ಒಂದೇ ಹಾಸಿಗೆಯಿಂದ ಕೆಲಸವನ್ನು ಪ್ರಾರಂಭಿಸಿದಳು. 1902ರಲ್ಲಿ 40 ಹಾಸಿಗೆಗಳ ಆಸ್ಪತ್ರೆಯಾಯಿತು. ಹಳ್ಳಿಯ ರೋಗಿಗಳು ಪಟ್ಟಣಕ್ಕೆ ಬರಲಾರದೆ ಇದ್ದದ್ದರಿಂದ, ದಾರಿಯ ಮರಗಳ ನೆರಳಿನಲ್ಲಿಯೇ ಔಷಧ ಕೊಡುತ್ತಾ ಹೋದಳು. ಆದರೆ ವೈದ್ಯಳೊಬ್ಬಳ ಎರಡು ಕೈಗಳು ಎಷ್ಟು ಮನೆಗಳನ್ನು ಮುಟ್ಟಾವು? ಆದಕಾರಣ 1909ರಲ್ಲಿ ದಾದಿಯರ ಶಾಲೆಯನ್ನೂ 1918ರಲ್ಲಿ ಸ್ತ್ರೀಯರ ವೈದ್ಯಶಾಲೆಯನ್ನೂ ತೆರೆದಳು. 1922ರಲ್ಲಿ ಮೊದಲನೆಯ ತಂಡದ 14 ಮಂದಿ ತೇರ್ಗಡೆಯಾದರು. ನಮ್ಮ ಮೈಸೂರಿನಲ್ಲಿಯೂ 1906ರಲ್ಲಿ ವೆಸ್ಲಿಯನ್ ಮಿಶನ್ನಿನವರು ಸ್ತ್ರೀಯರಿಗೂ ಮಕ್ಕಳಿಗೂ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನು ತೆರೆದರು.

ಇಲ್ಲಿ ಒಂದು ಸಂಗತಿಯನ್ನು ತಂದೆತಾಯಿಗಳು ಆಲೋಚಿಸಲಿ. ಆ ಮೂವರು ಸತ್ತದ್ದು ಕನಿಕರವಿಲ್ಲದ್ದರಿಂದಲ್ಲ. ಕಲಿತ ಹೆಂಗಸೊಬ್ಬಳು ಇಲ್ಲದ್ದರಿಂದ. ದಾದಿಯ ಕೆಲಸವು ಕೀಳೆಂಬುವವರು, 1946ರಲ್ಲಿ ವೇಲೂರಿನಲ್ಲಿ ಅದಕ್ಕೆ ವಿಶ್ವವಿದ್ಯಾಲಯದ ಪದವಿಯ ವ್ಯಾಸಂಗವೇ ಪ್ರಾರಂಭವಾಯಿತೆಂದು ತಿಳಿಯಲಿ. ಪದವಿ ಇಲ್ಲದಿದ್ದರೂ, ಶಿಷ್ಯರ ಕಾಲು ತೊಳೆದ ಕರ್ತನನ್ನು ಹಿಂಬಾಲಿಸುವವರಿಗೆ ತೊಳೆಯುವ ಕೆಲಸವು ಕೀಳಾಗುವದು ಹೇಗೆ?

4. ಸೇವೆಗೆ ಹೋಗುವವರು ಗಮನಿಸತಕ್ಕವು

(ಅ) ಒಬ್ಬ ರೋಗಿಯನ್ನು ಮುಟ್ಟುವ ಮೊದಲೂ ಮುಟ್ಟಿದ ಮೇಲೆಯೂ ಕೈ ತೊಳೆಯಬೇಕು. ತೊಳೆಯದ ಕೈಯ ಪ್ರೀತಿಯು ರೋಗವನ್ನು ಮಂಚದಿಂದ ಮಂಚಕ್ಕೆ ಹೊರುತ್ತದೆ.
(ಆ) ರೋಗಿಯ ಗುಟ್ಟನ್ನು ಊರ ಬಾವಿಯ ಬಳಿಗೆ ತರಬಾರದು.
(ಇ) ಜಾತಿಮತಗಳನ್ನು ನೋಡಿ ಹಾಸಿಗೆಯ ಕ್ರಮವನ್ನು ಬದಲಾಯಿಸಬಾರದು. ನಮ್ಮ ಸಭೆಯವನೆಂದು ಮುಂದಕ್ಕೆ ಕರೆಯುವದೂ ಪಕ್ಷಪಾತವೇ.
(ಈ) ಬಲಹೀನನಾಗಿ ಬಿದ್ದವನನ್ನು ಪ್ರಾರ್ಥನೆಗೆ ಬಲವಂತಪಡಿಸಬಾರದು. ಸಮಾರ್ಯದವನು ಗಾಯ ಕಟ್ಟುವ ಮೊದಲು ಯಾವ ಮಾತನ್ನೂ ಒಪ್ಪಿಸಲಿಲ್ಲ.
(ಉ) ಮನೆಗೆ ಹೋಗುವವನಿಗೆ ಔಷಧವನ್ನು ಎಷ್ಟು ದಿವಸ ತೆಗೆದುಕೊಳ್ಳಬೇಕು, ಎಂದು ತಿರಿಗಿ ಬರಬೇಕು ಎಂಬದನ್ನು ಅವನ ಬಾಯಿಂದಲೇ ಹೇಳಿಸಿ ಕಳುಹಿಸಬೇಕು.

ಪ್ರಶ್ನೆಗಳು

1. ಯಾಜಕನಿಗೂ ಸಮಾರ್ಯದವನಿಗೂ ಇದ್ದ ಭೇದವೇನು?
2. ಛತ್ರದವನ ಕೆಲಸವನ್ನು ನಮ್ಮ ಊರಿನಲ್ಲಿ ಮಾಡುವವರು ಯಾರು? ಅವರನ್ನು ನಾವು ಹೇಗೆ ಕಾಣುತ್ತೇವೆ?
3. ಈ ವರುಷ ನಮ್ಮ ಸಭೆಯಿಂದ ಈ ವಿದ್ಯೆಗೆ ಯಾರನ್ನು ಕಳುಹಿಸಬಹುದು? ಅದರ ಖರ್ಚಿನಲ್ಲಿ ನಾವು ಎಷ್ಟನ್ನು ಹೊರಬಹುದು?

ಮೂರನೆಯ ಪ್ರಶ್ನೆಗೆ ಬಾಯಿಮಾತಿನ ಉತ್ತರವು ಸಾಲದು. ಹಿರಿಯರು ಅದನ್ನು ಸಭೆಯ ಮುಂದಿಟ್ಟು, ಪ್ರಾರ್ಥಿಸಿ ತೀರ್ಮಾನಿಸಲಿ. ಬಾಗಲನ್ನು ತಟ್ಟುವವರು ಮತ್ತೊಂದು ರಾತ್ರಿ ಬಂದಾರು. ಆಗ ಏಳುವವರು ನಮ್ಮ ಮನೆಗಳಲ್ಲಿ ಇರಲಿ.